ಬೀದಿ ಹೋರಾಟಕ್ಕೆ ಕಣ್ಣಾದ ಚಾರ್ಲ್ಸ್ ಮೂರ್

2020ರ ಜುಲೈ 26. ಕೊರೊನಾ ಸಾಂಕ್ರಾಮಿಕಕ್ಕೆ ಅಮೆರಿಕ ತತ್ತರಿಸಿದ್ದ ಹೊತ್ತು. ಅಲಬಾಮಾ ರಾಜ್ಯದ ಸೆಲ್ಮಾ ಪಟ್ಟಣದ ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ, ನಾಗರಿಕ ಹಕ್ಕುಗಳ ಹೋರಾಟಗಾರ ಹಾಗೂ ಸಂಸದ ಜಾನ್ ಲೂಯಿಸ್ ಅವರ ಪಾರ್ಥಿವ ಶರೀರವನ್ನು ಹೊತ್ತ ಕುದುರೆಗಾಡಿಯೊಂದು ನಿಧಾನವಾಗಿ ಸಾಗಿತು. 1965ರ ಮಾರ್ಚ್ 7ರಂದು ಇದೇ ಸೇತುವೆ ದಾಟಿ ಬಂದ ಲೂಯಿಸ್ ಅವರ ತಲೆಬುರುಡೆ ಪೊಲೀಸರ ಲಾಠಿ ಏಟಿಗೆ ಬಿರುಕುಬಿಟ್ಟಿತ್ತು.

ಅವರ ಅಂತಿಮ ಯಾತ್ರೆಗೆ ಎರಡು ತಿಂಗಳು ಮೊದಲು, ಮೇ 25ರಂದು, ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸ್ ಅಧಿಕಾರಿಯ ಮೊಣಕಾಲಿನಡಿ ಪ್ರಾಣ ಬಿಟ್ಟಿದ್ದರು. ಮಾಸ್ಕ್ ಧರಿಸಿದ ಜನ ದೇಶದುದ್ದಕ್ಕೂ ಬೀದಿಗಿಳಿದರು. ಅವರ ಚಿತ್ರ ತೆಗೆಯಲು ಹೊರಟವರಿಗೆ ಸೋಂಕಿನ ಭಯವೂ ಇತ್ತು, ರಬ್ಬರ್ ಗುಂಡಿನ ಭಯವೂ ಇತ್ತು. ಹೀಗೆ ಪ್ರತಿಭಟನೆಯ ನಟ್ಟನಡುವೆ ನಿಂತು ಚಿತ್ರ ತೆಗೆಯುವ ಪರಿಪಾಠಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು ಚಾರ್ಲ್ಸ್ ಮೂರ್. 1965ರ ಆ ದಿನ ಸೆಲ್ಮಾ ಸೇತುವೆಯ ಬಳಿ ಕ್ಯಾಮೆರಾ ಹಿಡಿದು ನಿಂತಿದ್ದವರಲ್ಲಿ ಅವರೂ ಒಬ್ಬರು.

ಮೂರ್ ಹೊರಗಿನಿಂದ ಬಂದವರಲ್ಲ. 1931ರ ಮಾರ್ಚ್ 9ರಂದು ಅಲಬಾಮಾದ ಹ್ಯಾಕಲ್‌ಬರ್ಗ್‌ನಲ್ಲಿ ಜನಿಸಿದ ಬಿಳಿಯ. ತಂದೆ ಬ್ಯಾಪ್ಟಿಸ್ಟ್ ಪಾದ್ರಿ. ಕಪ್ಪು ವರ್ಣೀಯರ ಚರ್ಚುಗಳಿಗೂ ಹೋಗಿ ಬೋಧನೆ ಮಾಡುತ್ತಿದ್ದ ಅವರು ಮಕ್ಕಳನ್ನೂ ಜತೆಗೆ ಕರೆದೊಯ್ಯುತ್ತಿದ್ದರು. ಬಿಳಿಯರಿಗೂ ಕಪ್ಪು ವರ್ಣೀಯರಿಗೂ ಶಾಲೆ, ಬಸ್ಸಿನ ಆಸನ, ಕುಡಿಯುವ ನೀರಿನ ನಲ್ಲಿ ಎಲ್ಲವೂ ಪ್ರತ್ಯೇಕವಾಗಿದ್ದ ನಾಡಿನಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಯೌವನದಲ್ಲಿ ಬಾಕ್ಸಿಂಗ್ ಆಡಿದ ಮೂರ್, ಮರೀನ್ ಪಡೆಯಲ್ಲಿ ಛಾಯಾಗ್ರಾಹಕರಾಗಿ ದುಡಿದರು. ಬಳಿಕ ಫ್ಯಾಷನ್ ಛಾಯಾಗ್ರಹಣದ ಕನಸು ಹೊತ್ತು ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷಣ ಪಡೆದರು. ಕೊನೆಗೆ ಕೆಲಸ ಸಿಕ್ಕಿದ್ದು ತವರು ರಾಜ್ಯದ ಮಾಂಟ್‌ಗೊಮರಿ ನಗರದ ಪತ್ರಿಕೆಯಲ್ಲಿ.

1958ರ ಸೆಪ್ಟೆಂಬರ್ 3ರಂದು ಆ ಊರಿನ ನ್ಯಾಯಾಲಯದ ಬಳಿ ಪೊಲೀಸರು ಯುವ ಪಾದ್ರಿಯೊಬ್ಬರ ತೋಳು ತಿರುಚಿ ಎಳೆದೊಯ್ದರು. ಅವರೇ ಮಾರ್ಟಿನ್ ಲೂಥರ್ ಕಿಂಗ್. ಮೂರ್ ಬೆನ್ನುಹತ್ತಿ ಠಾಣೆಗೇ ನುಗ್ಗಿದರು. ಪೊಲೀಸರ ಮೇಜಿನ ಹಿಂಬದಿಗೆ ಹೋಗಿ ನಿಂತು, ಕಿಂಗ್ ಅವರ ಮುಖ ಎದುರಿಗೆ ಕಾಣುವಂತೆ ಕ್ಲಿಕ್ಕಿಸಿದರು. ಬೆನ್ನಿಗೆ ಒತ್ತಿಹಿಡಿದ ಕೈ, ಪಕ್ಕದಲ್ಲಿ ಅಸಹಾಯಕರಾಗಿ ನಿಂತ ಪತ್ನಿ ಕೊರೆಟಾ. ಒಂದು ಸ್ಥಳೀಯ ಪತ್ರಿಕೆಯ ಚಿತ್ರ ದೇಶದ ಚಿತ್ರವಾಯಿತು.

1962ರಲ್ಲಿ ಸಂಬಳದ ಕೆಲಸ ಬಿಟ್ಟು ಸ್ವತಂತ್ರರಾದ ಮೂರ್, ಅದೇ ಸೆಪ್ಟೆಂಬರ್‌ನಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಧಾವಿಸಿದರು. ಜೇಮ್ಸ್ ಮೆರಿಡಿತ್ ಎಂಬ ಕಪ್ಪು ವರ್ಣೀಯ ವಿದ್ಯಾರ್ಥಿಯ ಪ್ರವೇಶವನ್ನು ವಿರೋಧಿಸಿ ನಡೆದ ಆ ದಂಗೆಯಲ್ಲಿ ಫ್ರೆಂಚ್ ಪತ್ರಕರ್ತರೊಬ್ಬರೂ ಸೇರಿ ಇಬ್ಬರು ಸತ್ತರು. ಗಲಭೆಗೆ ಮೊದಲು ಮೂರ್ ತೆಗೆದ ಒಂದು ಚಿತ್ರದಲ್ಲಿ ಸ್ಥಳೀಯ ಷೆರಿಫ್‌ಗಳ ಗುಂಪೊಂದು ನಗುನಗುತ್ತಾ ನಿಂತಿದೆ, ಒಬ್ಬಾತ ದೊಣ್ಣೆ ಬೀಸುವುದನ್ನು ತೋರಿಸುತ್ತಿದ್ದಾನೆ. ರಕ್ತದ ಒಂದು ಹನಿಯೂ ಇಲ್ಲದ ಈ ಚಿತ್ರವೇ ಅವರ ಚಿತ್ರಗಳಲ್ಲೆಲ್ಲ ಹೆಚ್ಚು ಭಯ ಹುಟ್ಟಿಸುವಂಥದ್ದು.

ಆದರೆ ಅವರ ಹೆಸರು ಚರಿತ್ರೆಗೆ ಸೇರಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ. 1963ರ ಮೇ 2ರಂದು ಆ ನಗರದಲ್ಲಿ ಶಾಲಾ ಮಕ್ಕಳು ವರ್ಣಭೇದದ ವಿರುದ್ಧ ಮೆರವಣಿಗೆ ಹೊರಟು ನೂರಾರು ಸಂಖ್ಯೆಯಲ್ಲಿ ಜೈಲು ಸೇರಿದ್ದರು. ಮರುದಿನ ಮತ್ತಷ್ಟು ಮಕ್ಕಳು ಹೊರಟಾಗ, ನಗರದ ಸುರಕ್ಷತಾ ಆಯುಕ್ತ 'ಬುಲ್' ಕಾನರ್ ಅಗ್ನಿಶಾಮಕ ದಳದ ನೀರಿನ ಕೊಳವೆಗಳನ್ನೂ ಪೊಲೀಸ್ ನಾಯಿಗಳನ್ನೂ ಅವರ ಮೇಲೆ ಬಿಡಿಸಿದರು. 'ಲೈಫ್' ಪತ್ರಿಕೆಗಾಗಿ ಬಂದಿದ್ದ ಮೂರ್ ದೂರದಿಂದ ಚಿತ್ರ ತೆಗೆಯುವ ಉದ್ದ ಲೆನ್ಸ್‌ಗಳನ್ನು ನೆಚ್ಚಿಕೊಂಡವರಲ್ಲ. ಚಿಕ್ಕ ಲೆನ್ಸ್ ಹಾಕಿಕೊಂಡು ನೀರಿನ ರಭಸದ ಪಕ್ಕಕ್ಕೇ ಹೋದರು. ನೀರಿನ ಹೊಡೆತಕ್ಕೆ ಗೋಡೆಗೆ ಅಂಟಿಕೊಂಡ ಮೂವರು, ಪ್ಯಾಂಟು ಹರಿಯುತ್ತಿರುವ ನಾಯಿಗಳ ನಡುವೆ ಸಿಕ್ಕಿಬಿದ್ದ ವ್ಯಕ್ತಿ. ನೋಡುವವರೂ ಆ ಗುಂಪಿನೊಳಗೇ ನಿಂತಿರುವಂತೆ ಭಾಸವಾಗುವುದು ಈ ಸಾಮೀಪ್ಯದಿಂದಲೇ. ಯಾರೋ ಎಸೆದ ಕಾಂಕ್ರೀಟ್ ತುಂಡು ಅವರ ಪಾದದ ಗಂಟಿಗೆ ಬಡಿಯಿತು. ಕುಂಟುತ್ತಲೇ ಕೆಲಸ ಮುಂದುವರಿಸಿದರು. ಕೊನೆಗೆ ಪೊಲೀಸರು ಅವರನ್ನೂ ಜತೆಗಿದ್ದ ವರದಿಗಾರರನ್ನೂ ಬಂಧಿಸಿದರು. ಹೊರಬಂದವರೇ ಇಬ್ಬರೂ ರಾಜ್ಯ ಬಿಟ್ಟು ಹೋಗಬೇಕಾಯಿತು.

ಮೇ 17ರ 'ಲೈಫ್' ಸಂಚಿಕೆ ಈ ಚಿತ್ರಗಳಿಗೆ 11 ಪುಟ ಕೊಟ್ಟಿತು. ಜೂನ್ 11ರಂದು ಅಧ್ಯಕ್ಷ ಕೆನಡಿ ನಾಗರಿಕ ಹಕ್ಕುಗಳ ಮಸೂದೆಯ ಭರವಸೆ ನೀಡಿದರು, 1964ರ ಜುಲೈ 2ರಂದು ಅದು ಕಾಯ್ದೆಯಾಯಿತು. ಆ ಕಾಯ್ದೆಗೆ ಮೂರ್ ಚಿತ್ರಗಳು ವೇಗ ಕೊಟ್ಟವೆಂದು ನ್ಯೂಯಾರ್ಕ್‌ನ ಸೆನೆಟರ್ ಜೇಕಬ್ ಜೇವಿಟ್ಸ್ ಅಭಿಪ್ರಾಯಪಟ್ಟಿದ್ದರು. ಇದನ್ನು ಒಪ್ಪದವರೂ ಇದ್ದಾರೆ. ಬಿಳಿಯರ ಪತ್ರಿಕೆಗಳು ಕಪ್ಪು ವರ್ಣೀಯರನ್ನು ಏಟು ತಿನ್ನುವವರಾಗಿಯೇ ತೋರಿಸಿ, ಅವರ ಸಂಘಟನಾ ಶಕ್ತಿಯನ್ನು ಮರೆಮಾಚಿದವು ಎಂಬುದು 2011ರಲ್ಲಿ ಕಲಾ ಇತಿಹಾಸಕಾರ ಮಾರ್ಟಿನ್ ಬರ್ಗರ್ ಮಂಡಿಸಿದ ವಾದ. ಇದರಲ್ಲಿ ತಥ್ಯವಿದೆ. ಬೀದಿಗಿಳಿದು ಜೈಲು ತುಂಬಿಸಿದ್ದು ಮಕ್ಕಳು, ಕ್ಯಾಮೆರಾ ಅಲ್ಲ. ಆದರೆ ಯಾವ ಚಿತ್ರ ಅಚ್ಚಾಗಬೇಕೆಂದು ಆರಿಸಿದವರು ಸಂಪಾದಕರು. ಬೀದಿಯಲ್ಲಿ ಕಾಲಿಗೆ ಏಟು ತಿಂದವರು ಮೂರ್.

ಸೆಲ್ಮಾದ ನಂತರ ಮೂರ್ ದಣಿದಿದ್ದರು. ಕೆಲಕಾಲ ವಿದೇಶಕ್ಕೆ ಹೋದರು, ಮುಂದೆ ಪ್ರವಾಸ ಮತ್ತು ನಿಸರ್ಗದ ಚಿತ್ರಗಳತ್ತ ಹೊರಳಿದರು. 1989ರಲ್ಲಿ ಕೊಡಕ್ ಸಂಸ್ಥೆ ಅವರ ನಾಗರಿಕ ಹಕ್ಕುಗಳ ಚಿತ್ರಗಳನ್ನು ಗೌರವಿಸಿತು. 1991ರಲ್ಲಿ 'ಪವರ್‌ಫುಲ್ ಡೇಸ್' ಎಂಬ ಸಂಕಲನ ಹೊರಬಂತು.

ಅಷ್ಟರಲ್ಲಿ ಬರ್ಮಿಂಗ್‌ಹ್ಯಾಮ್‌ನ ನಾಯಿಗಳು ಬೇರೊಂದು ಲೋಕ ಸೇರಿದ್ದವು. ಕಲಾವಿದ ಆ್ಯಂಡಿ ವಾರ್ಹೋಲ್ ಮೂರ್ ಅವರ ಅನುಮತಿಯಿಲ್ಲದೆ ಆ ಚಿತ್ರಗಳನ್ನು ಬಳಸಿ 'ರೇಸ್ ರಾಯಟ್' ಸರಣಿ ರಚಿಸಿದ್ದರು. ಮೂರ್ ಮೊಕದ್ದಮೆ ಹೂಡಿದರು, ವಿವಾದ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. 2010ರ ಮಾರ್ಚ್ 11ರಂದು ಫ್ಲಾರಿಡಾದಲ್ಲಿ ನಿಧನರಾದಾಗ ಅವರಿಗೆ 79 ವರ್ಷ. ನಾಲ್ಕು ವರ್ಷಗಳ ನಂತರ ಆ ಸರಣಿಯ ಒಂದು ಕೃತಿ ನ್ಯೂಯಾರ್ಕ್‌ನ ಹರಾಜಿನಲ್ಲಿ 6 ಕೋಟಿ 20 ಲಕ್ಷಕ್ಕೂ ಹೆಚ್ಚು ಡಾಲರ್‌ಗೆ ಮಾರಾಟವಾಯಿತು.