ಪೈಡಿಮರ್ರಿ ವೆಂಕಟ ಸುಬ್ಬಾರಾವ್

ಪೈಡಿಮರ್ರಿ ವೆಂಕಟ ಸುಬ್ಬಾರಾವ್ (1916 ಜೂನ್ 10 – 1988) ತೆಲುಗು ಲೇಖಕರು, ಬಹುಭಾಷಾ ವಿದ್ವಾಂಸರು ಹಾಗೂ ಸರ್ಕಾರಿ ಖಜಾನೆ ಇಲಾಖೆಯ ಅಧಿಕಾರಿ. ಭಾರತದ ಶಾಲೆಗಳಲ್ಲಿ ಮಕ್ಕಳು ಒಕ್ಕೊರಲಿನಿಂದ ಹೇಳುವ ರಾಷ್ಟ್ರೀಯ ಪ್ರತಿಜ್ಞೆಯನ್ನು ರಚಿಸಿದವರು ಇವರೇ. 1962ರಲ್ಲಿ ತೆಲುಗಿನಲ್ಲಿ ರಚಿತವಾದ ಈ ಪ್ರತಿಜ್ಞೆಯು ಮುಂದೆ ಕನ್ನಡವೂ ಸೇರಿದಂತೆ ದೇಶದ ಅನೇಕ ಭಾಷೆಗಳಿಗೆ ಅನುವಾದಗೊಂಡಿತು. ದೇವರ ಹೆಸರನ್ನಾಗಲಿ, ಯಾವುದೇ ಮತದ ಪರಿಭಾಷೆಯನ್ನಾಗಲಿ ಬಳಸದೆ ದೇಶನಿಷ್ಠೆಯನ್ನು ವ್ಯಕ್ತಪಡಿಸುವುದು ಈ ಪಠ್ಯದ ಮುಖ್ಯ ಲಕ್ಷಣವಾಗಿದೆ.

ಜನನ ಮತ್ತು ವಿದ್ವತ್ತು

ಸುಬ್ಬಾರಾವ್ ಅವರು ಇಂದಿನ ತೆಲಂಗಾಣ ರಾಜ್ಯದ ನಲ್ಗೊಂಡ ಜಿಲ್ಲೆಯ ಅನ್ನೆಪರ್ತಿ ಗ್ರಾಮದಲ್ಲಿ ಜನಿಸಿದರು. ಆ ಪ್ರದೇಶವು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಇಂದಿನ ಕರ್ನಾಟಕದ ಬೀದರ್, ಕಲಬುರಗಿ ಮತ್ತು ರಾಯಚೂರು ಪ್ರದೇಶಗಳೂ ಅದೇ ಸಂಸ್ಥಾನದಲ್ಲಿದ್ದವು. ಸಂಸ್ಥಾನದ ಆಡಳಿತ ಭಾಷೆ ಉರ್ದು; ಜನರ ಮನೆಮಾತು ತೆಲುಗು, ಕನ್ನಡ, ಮರಾಠಿ. ಹೀಗೆ ಹಲವು ಭಾಷೆ, ಹಲವು ಮತಗಳು ಬೆರೆತಿದ್ದ ನಾಡಿನಲ್ಲಿ ಬೆಳೆದ ಸುಬ್ಬಾರಾವ್ ಅವರು ತೆಲುಗಿನ ಜೊತೆಗೆ ಸಂಸ್ಕೃತ, ಹಿಂದಿ, ಇಂಗ್ಲಿಷ್ ಮತ್ತು ಅರಬ್ಬಿ ಭಾಷೆಗಳಲ್ಲಿಯೂ ಪಾಂಡಿತ್ಯ ಪಡೆದಿದ್ದರು. ಪ್ರಕೃತಿ ಚಿಕಿತ್ಸೆಯಲ್ಲಿಯೂ ಅವರಿಗೆ ಪರಿಣತಿ ಇತ್ತು. ಅವರ ಸಾಹಿತ್ಯ ಕೃತಿಗಳಲ್ಲಿ ಕಾಲಭೈರವುಡು ಎಂಬ ಕಾದಂಬರಿ ಹೆಸರಾಗಿದೆ.

ವೃತ್ತಿಜೀವನ

ಸುಬ್ಬಾರಾವ್ ಅವರು ಖಜಾನೆ ಇಲಾಖೆಯನ್ನು ಸೇರಿ, ತೆಲುಗು ಪ್ರದೇಶದ ಹಲವು ಜಿಲ್ಲೆಗಳಲ್ಲಿ ಸೇವೆ ಸಲ್ಲಿಸಿದರು. 1962ರ ವೇಳೆಗೆ ಅವರು ವಿಶಾಖಪಟ್ಟಣದಲ್ಲಿ ಜಿಲ್ಲಾ ಖಜಾನೆ ಅಧಿಕಾರಿಯಾಗಿದ್ದರು.

ಪ್ರತಿಜ್ಞೆಯ ರಚನೆ

1962ರ ಅಕ್ಟೋಬರ್‌ನಲ್ಲಿ ಚೀನಾದೊಡನೆ ಯುದ್ಧ ಆರಂಭವಾಯಿತು. ಮಕ್ಕಳಲ್ಲಿ ದೇಶದ ಬಗ್ಗೆ ಅಭಿಮಾನವನ್ನು ಬೆಳೆಸಬೇಕೆಂಬ ಚರ್ಚೆ ಎಲ್ಲೆಡೆ ನಡೆಯುತ್ತಿದ್ದ ಆ ವರ್ಷದಲ್ಲಿಯೇ ಸುಬ್ಬಾರಾವ್ ಅವರು ಪ್ರತಿಜ್ಞೆಯನ್ನು ಬರೆದರು. ಅದನ್ನು ಸ್ವಾತಂತ್ರ್ಯ ಹೋರಾಟಗಾರರೂ ರಾಜಕಾರಣಿಯೂ ಆಗಿದ್ದ ತೆನ್ನೇಟಿ ವಿಶ್ವನಾಥಂ ಅವರಿಗೆ ತೋರಿಸಿದರು. ವಿಶ್ವನಾಥಂ ಅವರು ಅದನ್ನು ಆಂಧ್ರಪ್ರದೇಶದ ಅಂದಿನ ಶಿಕ್ಷಣ ಸಚಿವ, ವಿಜಯನಗರದ ರಾಜಮನೆತನದ ಪಿ. ವಿ. ಜಿ. ರಾಜು ಅವರ ಗಮನಕ್ಕೆ ತಂದರು. 1963ರಲ್ಲಿ ವಿಶಾಖಪಟ್ಟಣದ ಶಾಲೆಯಲ್ಲಿ ಇದನ್ನು ಮೊದಲ ಬಾರಿಗೆ ಓದಲಾಯಿತು.

ಬೆಂಗಳೂರಿನ ಸಭೆ

ಪ್ರತಿಜ್ಞೆಯು ರಾಷ್ಟ್ರಮಟ್ಟವನ್ನು ಮುಟ್ಟಿದ್ದು ಕನ್ನಡ ನಾಡಿನಲ್ಲಿ. ಕೇಂದ್ರ ಶಿಕ್ಷಣ ಸಲಹಾ ಮಂಡಳಿಯ 31ನೆಯ ಸಭೆಯು 1964ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಕೇಂದ್ರ ಶಿಕ್ಷಣ ಸಚಿವ ಎಂ. ಸಿ. ಛಾಗ್ಲಾ ಅವರು ಅದರ ಅಧ್ಯಕ್ಷತೆ ವಹಿಸಿದ್ದರು. ದೇಶದ ಶಾಲೆಗಳಲ್ಲಿ ಮಕ್ಕಳಿಂದ ಪ್ರತಿಜ್ಞೆಯನ್ನು ಹೇಳಿಸಬೇಕೆಂದು ಈ ಸಭೆ ಸೂಚಿಸಿತು. 1965ರ ಜನವರಿ 26ರ ಗಣರಾಜ್ಯೋತ್ಸವದಿಂದ ಅದು ದೇಶಾದ್ಯಂತ ಜಾರಿಗೆ ಬಂದಿತು. ಪ್ರತಿಜ್ಞೆಯನ್ನು ಮಕ್ಕಳು ಸಾಮಾನ್ಯವಾಗಿ ತಮ್ಮ ಕಲಿಕೆಯ ಮಾಧ್ಯಮದಲ್ಲಿಯೇ ಹೇಳುತ್ತಾರೆ. ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವ ದಾರಿಯಲ್ಲಿನ ದೇಸೂರನ್ನು ಒಳಗೊಂಡ ಗಡಿಸೀಮೆಯಲ್ಲಿ ಕನ್ನಡ, ಮರಾಠಿ ಮತ್ತು ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಭಾಷೆ ಬೇರೆಯಾದರೂ ಹೇಳುವ ಮಾತಿನ ಅರ್ಥ ಒಂದೇ ಎಂಬುದು ಇಂಥ ಪ್ರದೇಶಗಳಲ್ಲಿ ಎದ್ದು ಕಾಣುತ್ತದೆ.

ಪ್ರತಿಜ್ಞೆಯ ಸ್ವರೂಪ

ಭಾರತವನ್ನು ತನ್ನ ದೇಶವೆಂದು ಒಪ್ಪಿಕೊಳ್ಳುವುದು, ಎಲ್ಲ ಭಾರತೀಯರನ್ನು ಒಡಹುಟ್ಟಿದವರೆಂದು ಭಾವಿಸುವುದು, ದೇಶದ ವೈವಿಧ್ಯಮಯ ಪರಂಪರೆಗೆ ಹೆಮ್ಮೆ ಪಡುವುದು, ತಂದೆತಾಯಿಗಳನ್ನೂ ಗುರುಹಿರಿಯರನ್ನೂ ಗೌರವಿಸುವುದು, ಎಲ್ಲರೊಡನೆ ಸೌಜನ್ಯದಿಂದ ವರ್ತಿಸುವುದು, ಜನರ ಹಿತದಲ್ಲಿಯೇ ತನ್ನ ಸಂತೋಷವನ್ನು ಕಾಣುವುದು ಪ್ರತಿಜ್ಞೆಯ ಸಾರ. ತೆಲುಗು ಪಠ್ಯದಲ್ಲಿ ಪ್ರಾಣಿಗಳ ಬಗ್ಗೆ ದಯೆ ತೋರುವ ಮಾತೂ ಇದೆ. ಪ್ರಚಲಿತ ಇಂಗ್ಲಿಷ್ ಪಠ್ಯದಲ್ಲಿ ಅದು ಕಾಣುವುದಿಲ್ಲ.

ನಿಷ್ಠೆಗೆ ಸಾಕ್ಷಿಯಾಗಿ ದೇವರನ್ನು ಕರೆಯದಿರುವುದು ಇಲ್ಲಿ ಗಮನಾರ್ಹ. ಸಂವಿಧಾನದ ಮೂರನೆಯ ಅನುಸೂಚಿಯ ಪ್ರಕಾರ ಸಚಿವರು, ಸಂಸದರು ಮತ್ತು ನ್ಯಾಯಮೂರ್ತಿಗಳು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಶ್ರದ್ಧಾಪೂರ್ವಕವಾಗಿ ದೃಢೀಕರಿಸಬಹುದು. ವಯಸ್ಕರಿಗೆ ಈ ಆಯ್ಕೆ ಇದೆ. ಸಾಲಿನಲ್ಲಿ ನಿಂತು ನೂರಾರು ಮಂದಿಯೊಡನೆ ಒಂದೇ ಮಾತನ್ನು ಹೇಳುವ ಮಗುವಿಗೆ ಅಂಥ ಆಯ್ಕೆ ಇರುವುದಿಲ್ಲ. ಸುಬ್ಬಾರಾವ್ ಅವರ ಪಠ್ಯದಲ್ಲಿ ದೇವರ ಉಲ್ಲೇಖವೇ ಇಲ್ಲದಿರುವುದರಿಂದ ಆ ಆಯ್ಕೆಯ ಪ್ರಶ್ನೆ ಹುಟ್ಟುವುದಿಲ್ಲ. ಆಸ್ತಿಕರ ಮಗುವೂ ನಾಸ್ತಿಕರ ಮಗುವೂ, ಯಾವುದೇ ಮತದ ಮಗುವೂ ಅದನ್ನು ಹೇಳಬಹುದಾಗಿದೆ.

ಸಂವಿಧಾನ ರಚನಾ ಸಭೆಯಲ್ಲಿಯೂ ಇದೇ ಬಗೆಯ ವಿಚಾರ ಚರ್ಚೆಗೆ ಬಂದಿತ್ತು. ಮಂಗಳೂರಿನಲ್ಲಿ ಜನಿಸಿದ ಎಚ್. ವಿ. ಕಾಮತ್ ಅವರು ಸಂವಿಧಾನದ ಪ್ರಸ್ತಾವನೆಯನ್ನು ದೇವರ ಹೆಸರಿನೊಂದಿಗೆ ಆರಂಭಿಸಬೇಕೆಂದು 1949ರ ಅಕ್ಟೋಬರ್ 17ರಂದು ತಿದ್ದುಪಡಿ ಮಂಡಿಸಿದರು. ಇಂಥ ವಿಷಯದಲ್ಲಿ ಯಾರ ಮೇಲೂ ಒತ್ತಾಯ ಸಲ್ಲದೆಂಬ ಆಕ್ಷೇಪಗಳು ಬಂದವು. ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧವಾಗಿ 68 ಮತಗಳು ಬಿದ್ದು ತಿದ್ದುಪಡಿ ತಿರಸ್ಕೃತವಾಯಿತು.

ಅಮೆರಿಕದ ಪ್ರತಿಜ್ಞೆಯೊಡನೆ ಹೋಲಿಕೆ

ಅಮೆರಿಕದ ಶಾಲೆಗಳಲ್ಲಿ ಹೇಳುವ ಧ್ವಜನಿಷ್ಠೆಯ ಪ್ರತಿಜ್ಞೆಯನ್ನು 1892ರಲ್ಲಿ ಫ್ರಾನ್ಸಿಸ್ ಬೆಲ್ಲಾಮಿ ಬರೆದರು. ಅವರು ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತ ಪಾದ್ರಿಯಾಗಿದ್ದರೂ ಅವರ ಮೂಲ ಪಠ್ಯದಲ್ಲಿ ದೇವರ ಹೆಸರಿರಲಿಲ್ಲ. ಬೆಲ್ಲಾಮಿ 1931ರಲ್ಲಿ ನಿಧನರಾದರು. ಶೀತಲ ಸಮರದ ಕಾಲದಲ್ಲಿ, 1954ರಲ್ಲಿ, ದೇಶವು ದೇವರ ಅಧೀನದಲ್ಲಿದೆ ಎಂಬರ್ಥದ ಪದಗಳನ್ನು ಅಮೆರಿಕದ ಸಂಸತ್ತು ಅದಕ್ಕೆ ಸೇರಿಸಿತು. ಅಲ್ಲಿಂದ ಮುಂದೆ ಆ ಪದಗಳ ಕುರಿತು ನ್ಯಾಯಾಲಯಗಳಲ್ಲಿ ವ್ಯಾಜ್ಯಗಳು ನಡೆದಿವೆ. ಪ್ರತಿಜ್ಞೆ ಹೇಳುವಂತೆ ಮಕ್ಕಳನ್ನು ಬಲವಂತಪಡಿಸಬಾರದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅದಕ್ಕೂ ಮೊದಲೇ, 1943ರಲ್ಲಿ, ತೀರ್ಪು ನೀಡಿತ್ತು. ಭಾರತದ ಪ್ರತಿಜ್ಞೆಗೆ ಅಂಥ ಧಾರ್ಮಿಕ ಸೇರ್ಪಡೆ ಆಗಲಿಲ್ಲ. ಅಮೆರಿಕದ ಪಠ್ಯದಲ್ಲಿ ನಿಷ್ಠೆ ಮೊದಲು ಧ್ವಜಕ್ಕೆ ಸಲ್ಲುತ್ತದೆ. ಸುಬ್ಬಾರಾವ್ ಅವರ ಪಠ್ಯದಲ್ಲಿ ದೇಶಕ್ಕೂ ಅದರ ಜನರಿಗೂ ಸಲ್ಲುತ್ತದೆ.

ಕಡ್ಡಾಯದ ಪ್ರಶ್ನೆ

ಭಾರತದಲ್ಲಿ ಪ್ರತಿಜ್ಞೆಯು ಶಿಕ್ಷಣ ಇಲಾಖೆಗಳ ಸೂಚನೆ ಮತ್ತು ರೂಢಿಯಿಂದ ನಡೆದುಬಂದಿದೆ. ರಾಷ್ಟ್ರಧ್ವಜ, ಸಂವಿಧಾನ ಮತ್ತು ರಾಷ್ಟ್ರಗೀತೆಗೆ ಸಂಬಂಧಿಸಿದ 1971ರ ರಾಷ್ಟ್ರೀಯ ಗೌರವ ಅವಮಾನ ತಡೆ ಕಾಯಿದೆಯಲ್ಲಿ ಇದರ ಉಲ್ಲೇಖವಿಲ್ಲ. ಶಾಲಾ ಪ್ರಾರ್ಥನೆಯನ್ನೂ ಪ್ರತಿಜ್ಞೆಯನ್ನೂ ಬೇರೆಯಾಗಿ ನೋಡಬೇಕಾಗುತ್ತದೆ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಆರಾಧನೆಯಲ್ಲಿ ತೊಡಗಿಸುವಂತಿಲ್ಲ ಎಂಬುದು ಸಂವಿಧಾನದ 28ನೆಯ ವಿಧಿಯ ಆಶಯ.

ಪದಗಳು ಎಲ್ಲರಿಗೂ ಒಪ್ಪಿಗೆಯಾಗುವಂತಿದ್ದರೂ ಹೇಳಲೇಬೇಕೆಂಬ ಒತ್ತಾಯ ಸರಿಯೇ ಎಂಬ ಪ್ರಶ್ನೆ ಉಳಿಯುತ್ತದೆ. ಕೇರಳದಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂಬ ಕಾರಣಕ್ಕೆ ಶಾಲೆಯಿಂದ ಹೊರಹಾಕಲ್ಪಟ್ಟರು. 1986ರ ಆಗಸ್ಟ್ 11ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ರದ್ದುಪಡಿಸಿತು. ತೀರ್ಪು ರಾಷ್ಟ್ರಗೀತೆಗೆ ಸಂಬಂಧಿಸಿದ್ದರೂ, ಮಕ್ಕಳ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಕುರಿತ ಚರ್ಚೆಗಳಲ್ಲಿ ಅದು ಮುಖ್ಯ ಆಧಾರವಾಗಿದೆ.

ಕೊನೆಯ ದಿನಗಳು ಮತ್ತು ಮಾನ್ಯತೆ

ತಾವು ಬರೆದ ಪ್ರತಿಜ್ಞೆಗೆ ರಾಷ್ಟ್ರೀಯ ಸ್ಥಾನ ದೊರೆತಿರುವುದು ಸುಬ್ಬಾರಾವ್ ಅವರಿಗೆ ಬಹುಕಾಲ ತಿಳಿದಿರಲಿಲ್ಲ. ಮೊಮ್ಮಗಳು ಪಠ್ಯಪುಸ್ತಕದಿಂದ ಅದನ್ನು ಓದುತ್ತಿದ್ದಾಗ ಅವರಿಗೆ ಈ ಸಂಗತಿ ತಿಳಿಯಿತೆಂದು ಹೇಳಲಾಗುತ್ತದೆ. ಪುಸ್ತಕಗಳ ಮೊದಲ ಪುಟಗಳಲ್ಲಿ ಪ್ರತಿಜ್ಞೆ ಅಚ್ಚಾಗುತ್ತಿದ್ದರೂ ಅದರೊಡನೆ ಕರ್ತೃವಿನ ಹೆಸರು ಇರುತ್ತಿರಲಿಲ್ಲ. ರಾಷ್ಟ್ರಗೀತೆಯೊಂದಿಗೆ ರವೀಂದ್ರನಾಥ ಠಾಗೋರರ ಹೆಸರೂ, ವಂದೇ ಮಾತರಂನೊಂದಿಗೆ ಬಂಕಿಮಚಂದ್ರರ ಹೆಸರೂ ಪ್ರಸಿದ್ಧವಾದಂತೆ ಇವರ ಹೆಸರು ಪ್ರಸಿದ್ಧವಾಗಲಿಲ್ಲ. 1988ರಲ್ಲಿ ಅವರು ನಿಧನರಾದರು. ಪ್ರತಿಜ್ಞೆಗೆ 2012ರಲ್ಲಿ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಅವರ ಹೆಸರು ಪತ್ರಿಕೆಗಳ ಮೂಲಕ ವ್ಯಾಪಕವಾಗಿ ಬೆಳಕಿಗೆ ಬಂದಿತು.