ರೇಷ್ಮೆ ಸೀಮೆಯಿಂದ ಮೆಕ್ಕಾಕ್ಕೆ

ಇಸ್ಲಾಂ ಧರ್ಮದ ಯಾತ್ರೆಯ ವಿಚಾರ ಬಂದಾಗ ಎರಡು ಪದಗಳನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕಾಗುತ್ತದೆ. ಮೊದಲನೆಯದು ಹಜ್, ಸಂಕಲ್ಪ ಮಾಡಿಕೊಂಡು ಹೊರಡುವುದು ಎಂಬ ಅರ್ಥದ ಈ ಅರಬ್ಬೀ ಪದ, ಶಕ್ತಿಯುಳ್ಳ ಪ್ರತಿಯೊಬ್ಬ ಮುಸ್ಲಿಮರೂ ಜೀವಮಾನದಲ್ಲಿ ಒಮ್ಮೆ ಕೈಗೊಳ್ಳಲೇಬೇಕಾದ ಮೆಕ್ಕಾ ಯಾತ್ರೆಗೆ ಮಾತ್ರ ಸಲ್ಲುತ್ತದೆ. ಎರಡನೆಯದು ಜಿಯಾರತ್, ಅಂದರೆ ಭೇಟಿ. ಸಂತರ ಗೋರಿಗಳಿಗೆ ಹೋಗಿ ಪ್ರಾರ್ಥಿಸಿ ಬರುವುದಕ್ಕೆ ಈ ಹೆಸರಿದ್ದು, ಇದು ಕಡ್ಡಾಯವಲ್ಲ.

ಇದನ್ನು ಈಗ ಹೇಳುವುದಕ್ಕೆ ಕಾರಣವಿದೆ. ಹೊರನಾಡಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ರಾಮನಗರವೆಂದರೆ ‘ಶೋಲೆ’ ಚಿತ್ರದ ಬಂಡೆ, ಚನ್ನಪಟ್ಟಣವೆಂದರೆ ಬೊಂಬೆ, ಮಾಗಡಿಯೆಂದರೆ ಕೆಂಪೇಗೌಡರು, ಕನಕಪುರವೆಂದರೆ ರೇಷ್ಮೆ. ಇಷ್ಟು ಗೊತ್ತಿರುವುದೂ ಸಂತೋಷವೇ. ಆದರೆ ಹಾಲೆಮರದ ತುಂಡನ್ನು ಚರಕಿಗೆ ಹಿಡಿದು, ಅರಗಿನ ಬಣ್ಣವೊತ್ತಿ ಆ ಬೊಂಬೆಯನ್ನು ಮಾಡಿದವರಲ್ಲಿ, ಆ ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆದವರಲ್ಲಿ ಅನೇಕರು ಮುಸ್ಲಿಮರೆಂಬುದೂ, ಅವರ ಬದುಕಿನ ಅತಿ ದೊಡ್ಡ ಪ್ರಯಾಣ ಯಾವುದೆಂಬುದೂ ಮಕ್ಕಳಿಗೆ ತಿಳಿದಂತಿಲ್ಲ. ಅಜ್ಜ ಅಜ್ಜಿಯರಿಗೆ ಬೀದಿಯಲ್ಲಿ ನಡೆದಾಡುತ್ತಲೇ ಗೊತ್ತಾಗುತ್ತಿದ್ದ ಸಂಗತಿಯನ್ನು ಇಂದಿನ ಮಕ್ಕಳಿಗೆ ಕೂರಿಸಿಕೊಂಡು ಹೇಳಬೇಕಾಗಿದೆ. ಹೇಳಬಲ್ಲ ತಲೆಮಾರು ಇರುವಾಗಲೇ ಹೇಳಿಬಿಡುವುದು ಒಳ್ಳೆಯದು.

ಹಜ್ಜಿಗೆ ಶಕ್ತಿಯಿರಬೇಕು ಎಂಬ ಮಾತಿನಲ್ಲಿ ಹಣವಷ್ಟೇ ಸೇರಿಲ್ಲ. ದೇಹ ತಡೆಯಬೇಕು, ದಾರಿ ಸುರಕ್ಷಿತವಾಗಿರಬೇಕು, ಹೋಗಿಬರುವ ತನಕ ಮನೆಮಂದಿಯ ಹೊಟ್ಟೆಬಟ್ಟೆಗೆ ಕೊರತೆಯಾಗಬಾರದು, ಕೊಡಬೇಕಾದ ಸಾಲ ತೀರಿರಬೇಕು. ರಾಮನಗರದಂಥ ಊರಿನಲ್ಲಿ ಈ ಕೊನೆಯ ಷರತ್ತು ಸಣ್ಣದಲ್ಲ. ಸರ್ಕಾರಿ ಕಾಗದಗಳಲ್ಲಿ ನೂಲು ಬಿಚ್ಚಾಣಿಕೆದಾರರೆಂದೂ ಜನರ ಬಾಯಲ್ಲಿ ರೀಲರ್‌ಗಳೆಂದೂ ಕರೆಸಿಕೊಳ್ಳುವವರು ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಗೂಡು ಕೊಂಡು, ನೂಲು ಮಾರಿದ ಮೇಲೆ ಕೈಗೆ ಬರುವ ಹಣದಲ್ಲಿ ಮತ್ತೆ ಗೂಡು ಕೊಳ್ಳುವವರಾದ್ದರಿಂದ, ಒಂದು ಕಡೆ ಕೊಡುವುದೂ ಇನ್ನೊಂದು ಕಡೆ ಬರಬೇಕಾದ್ದೂ ಆ ಕಸುಬಿನಲ್ಲಿ ಇದ್ದೇ ಇರುತ್ತದೆ. ಆ ಲೆಕ್ಕವನ್ನೆಲ್ಲ ಚುಕ್ತಾ ಮಾಡಿ, ಬಳಿಕ ನೆರೆಯವರ, ನೆಂಟರ, ಮುನಿಸಿಕೊಂಡವರ ಮನೆಗೂ ಹೋಗಿ ‘ಕಹಾ ಸುನಾ ಮಾಫ್’, ಅಂದರೆ ಆಡಿದ್ದು ಕೇಳಿದ್ದು ಮನ್ನಿಸಿರೆಂದು ಕೇಳಿಕೊಳ್ಳುವುದು ವಾಡಿಕೆ. ಹಿಂದೂ ನೆರೆಮನೆಯವರ ಹತ್ತಿರ ಇದೇ ಮಾತು ‘ತಪ್ಪೇನಾದ್ರೂ ಆಗಿದ್ರೆ ಮನಸ್ಸಿನಲ್ಲಿಟ್ಟುಕೊಳ್ಳಬೇಡಿ’ ಎಂದು ಕನ್ನಡದಲ್ಲಿ ಬರುತ್ತದೆ. ಯಾತ್ರೆಯ ಅರ್ಧ ಪುಣ್ಯ ಊರು ಬಿಡುವ ಮೊದಲೇ, ಈ ಹೊಸ್ತಿಲುಗಳಲ್ಲಿ ಸಂಪಾದನೆಯಾಗುತ್ತದೆಂದರೆ ತಪ್ಪಾಗಲಾರದು.

ಮೆಕ್ಕಾದ ಸುತ್ತ ಗೊತ್ತುಪಡಿಸಿದ ಗಡಿಯನ್ನು ದಾಟುವ ಮುನ್ನ ಯಾತ್ರಿಕನು ಇಹ್ರಾಮ್ ಧರಿಸುತ್ತಾನೆ. ಗಂಡಸರಿಗೆ ಇದು ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ, ಒಂದು ಉಡುವುದಕ್ಕೆ, ಇನ್ನೊಂದು ಹೊದೆಯುವುದಕ್ಕೆ. ಹೆಂಗಸರಿಗೆ ಮೈಮುಚ್ಚುವ ಸಾಧಾರಣ ಉಡುಪೇ ಸಾಕು, ಮುಖಕ್ಕೆ ಪರದೆ ಕೂಡದು. ಇಹ್ರಾಮಿನಲ್ಲಿರುವಷ್ಟು ಕಾಲ ಅತ್ತರು ಹಚ್ಚುವಂತಿಲ್ಲ, ಉಗುರು ಕೂದಲು ಕತ್ತರಿಸುವಂತಿಲ್ಲ, ಬೇಟೆಯಾಡುವಂತಿಲ್ಲ, ಜಗಳವಾಡುವಂತಿಲ್ಲ. ಶುದ್ಧ ರೇಷ್ಮೆ ಇಸ್ಲಾಮಿನಲ್ಲಿ ಗಂಡಸರಿಗೆ ಯಾವ ದಿನವೂ ನಿಷಿದ್ಧ ಎಂಬುದನ್ನು ಇಲ್ಲಿ ನೆನೆಯಬಹುದು: ಬೇರೆಯವರ ಮದುವೆಗಳಿಗೆಂದು ಆಯುಷ್ಯವಿಡೀ ರೇಷ್ಮೆ ತೆಗೆದು, ಕೈಬೆರಳ ತುದಿಗಳನ್ನು ಬಿಸಿನೀರಿನಲ್ಲಿ ಬಿಳುಚಿಸಿಕೊಂಡ ರಾಮನಗರದ ಮುದುಕನು, ಕೊನೆಗೆ ಎರಡು ತುಂಡು ಹತ್ತಿಬಟ್ಟೆಯಲ್ಲಿ, ರಾಜನೋ ವರ್ತಕನೋ ಕೂಲಿಯೋ ಎಂದು ಗುರುತು ಹತ್ತದ ಜನಸಾಗರದಲ್ಲಿ ನಿಲ್ಲುತ್ತಾನೆ. ಆಗ ಬಾಯಲ್ಲಿರುವ ಮಾತು ‘ಲಬ್ಬೈಕ್’, ಅಂದರೆ ‘ಇದೋ, ಬಂದೆ’.

ಮೆಕ್ಕಾದಲ್ಲಿ ಕಾಬಾ ಎಂಬ ಚೌಕಾಕಾರದ ಕಟ್ಟಡವನ್ನು ಏಳು ಸಲ ಸುತ್ತುವುದಕ್ಕೆ ತವಾಫ್ ಎಂದು ಹೆಸರು. ಪ್ರದಕ್ಷಿಣೆ ಬಲ್ಲ ಮಕ್ಕಳು ಗಮನಿಸಬೇಕಾದದ್ದೆಂದರೆ, ಇಲ್ಲಿ ಕಾಬಾ ಎಡಗಡೆಗಿರುತ್ತದೆ. ಅಲ್ಲಿ ವಿಗ್ರಹವೂ ಇಲ್ಲ, ದರ್ಶನವೂ ಇಲ್ಲ, ಕಾಬಾ ಪೂಜೆಯ ವಸ್ತುವಲ್ಲ, ಜಗತ್ತಿನ ಮುಸ್ಲಿಮರೆಲ್ಲ ನಮಾಜಿಗೆ ಮುಖಮಾಡುವ ದಿಕ್ಕು. ಅನಂತರ ಸಫಾ ಮತ್ತು ಮರ್ವಾ ಎಂಬ ಎರಡು ದಿಬ್ಬಗಳ ನಡುವೆ ಏಳು ಸಲ ನಡೆಯುವ ಸಯೀ ಎಂಬ ವಿಧಿಯುಂಟು. ನೀರಿಲ್ಲದ ಕಣಿವೆಯಲ್ಲಿ ಹಸುಗೂಸು ಇಸ್ಮಾಯಿಲನು ಬಾಯಾರಿ ಅಳುತ್ತಿದ್ದಾಗ ತಾಯಿ ಹಾಜಿರಾ ಯಾರಾದರೂ ಕಂಡಾರೇನೋ ಎಂದು ಈ ದಿಬ್ಬದಿಂದ ಆ ದಿಬ್ಬಕ್ಕೆ ಓಡಿದಳೆಂದೂ, ಕೊನೆಗೆ ಮಗುವಿನ ಬಳಿಯಲ್ಲೇ ಜಮ್‌ಜಮ್ ಎಂಬ ಒರತೆ ಉಕ್ಕಿತೆಂದೂ ನಂಬಿಕೆ. ಲಕ್ಷಾಂತರ ಗಂಡಸರು ಹೆಂಗಸರು ವರ್ಷವರ್ಷವೂ ಒಬ್ಬ ತಾಯಿಯ ಗಾಬರಿಯ ಹೆಜ್ಜೆಗಳನ್ನು ಮತ್ತೆ ಇಡುವುದು ಈ ಯಾತ್ರೆಯಲ್ಲಿ ಎಲ್ಲಕ್ಕಿಂತ ಮನಕರಗಿಸುವ ಭಾಗ. ಮಕ್ಕಳಿಗೆ ಬೇರೇನೂ ಹೇಳಲಾಗದಿದ್ದರೂ ಹಾಜಿರಾಳ ಕಥೆಯೊಂದನ್ನು ಹೇಳಬಹುದು.

ಉಳಿದ ವಿಧಿಗಳು ಇಸ್ಲಾಮೀ ಪಂಚಾಂಗದ ಜುಲ್‌ಹಿಜ್ಜಾ ತಿಂಗಳ ಕೆಲವೇ ದಿನಗಳಲ್ಲಿ ಮುಗಿಯುತ್ತವೆ. ಎಂಟರಂದು ಮಿನಾದ ಡೇರೆಗಳು, ಒಂಬತ್ತರಂದು ಅರಫಾತ್ ಮೈದಾನದಲ್ಲಿ ಇಳಿಹಗಲ ಪ್ರಾರ್ಥನೆ, ಅಂದಿನ ರಾತ್ರಿ ಮುಜ್ದಲಿಫಾದಲ್ಲಿ ಬಯಲಲ್ಲೇ ತಂಗಿ ಕಡಲೆಕಾಳಿನ ಗಾತ್ರದ ಕಲ್ಲುಗಳನ್ನು ಆಯ್ದುಕೊಳ್ಳುವುದು, ಮರುದಿನ ಸೈತಾನನ ಸಂಕೇತವಾದ ಗೋಡೆಗೆ ಆ ಕಲ್ಲುಗಳನ್ನೆಸೆದು, ಬಲಿಕೊಟ್ಟು, ತಲೆ ಬೋಳಿಸಿಕೊಳ್ಳುವುದು. ಊರಿನಲ್ಲಿ ಬಕ್ರೀದ್ ನಡೆಯುವುದು ಇದೇ ಹೊತ್ತಿನಲ್ಲಿ. ಅರಫಾತಿನಲ್ಲಿ ನಿಲ್ಲದವನಿಗೆ ಹಜ್ ಆಗಲೇ ಇಲ್ಲ ಎಂಬಷ್ಟು ಆ ಒಂದು ಮಧ್ಯಾಹ್ನ ಮುಖ್ಯ.

ಹಿಂದೆ ಈ ಕಡೆಯ ಯಾತ್ರಿಕರು ರೈಲಿನಲ್ಲಿ ಮುಂಬಯಿ ಸೇರಿ, ಅಲ್ಲಿಂದ ಹಡಗಿನಲ್ಲಿ ಜಿದ್ದಾಕ್ಕೆ ಹೋಗುತ್ತಿದ್ದರು. ಹಡಗಿನ ಯಾನ 1995ರಲ್ಲಿ ನಿಂತಿತು. ರೈಲ್ವೆ ಪ್ಲಾಟ್‌ಫಾರಂ ಮೇಲೆ ಮಲ್ಲಿಗೆ ಹಾರ, ಉಪ್ಪಿನಕಾಯಿಯ ಭರಣಿ, ಹಿಂದಿರುಗುವರೋ ಇಲ್ಲವೋ ಎಂದು ಅಳುವ ಮೊಮ್ಮಕ್ಕಳು, ಇವನ್ನೆಲ್ಲ ಕಂಡವರಲ್ಲಿ ಹಲವರು ಈಗ ಎಪ್ಪತ್ತು ದಾಟಿದ್ದಾರೆ. ಈಗಿನವರು ಬೆಂಗಳೂರಿನ ಹೆಗಡೆನಗರದ ಬಳಿಯ ಹಜ್ ಭವನದಲ್ಲಿ ಕೂಡಿ, ಕೆಂಪೇಗೌಡರ ಹೆಸರು ಹೊತ್ತ ವಿಮಾನ ನಿಲ್ದಾಣದಿಂದ ಹೊರಡುತ್ತಾರೆ. ಗಂಡಸರ ಜೊತೆಯಿಲ್ಲದೆ, 45 ವರ್ಷ ದಾಟಿದ ಹೆಂಗಸರು ಗುಂಪುಗೂಡಿ ಹೋಗಲು 2018ರಿಂದ ಭಾರತ ಸರ್ಕಾರ ಅವಕಾಶ ಕೊಟ್ಟಿದೆ. ಹಿಂದಿರುಗಿದವರ ಮನೆಯಲ್ಲಿ ಬಂದವರಿಗೆಲ್ಲ ಒಂದು ಖರ್ಜೂರ, ಒಂದು ಗುಟುಕು ಜಮ್‌ಜಮ್ ನೀರು. ಅಂದಿನಿಂದ ಬೀದಿಯ ಬಾಯಲ್ಲಿ ಅವರು ಹಾಜಿ ಸಾಹೇಬರು.

ಅಷ್ಟು ದೂರ ಹೋಗಲಾರದವರಿಗೆ, ಹೋಗಿಬಂದವರಿಗೂ, ಜಿಯಾರತ್ತಿನ ಜಾಗಗಳು ಹತ್ತಿರದಲ್ಲೇ ಇವೆ. ಚನ್ನಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಧರ್ಮಗುರು ಅಕೀಲ್ ಶಾ ಖಾದ್ರಿಯವರ ದೊಡ್ಡ ಗೋರಿಯಿದೆ. ಟಿಪ್ಪುವಿನ ಸೆರೆಯಾಳುಗಳನ್ನು ಕರುಣೆಯಿಂದ ಕಂಡನೆಂದು ಹೆಸರಾದ ಬೆಂಗಳೂರಿನ ಕಿಲ್ಲೇದಾರನೊಬ್ಬನ ಗೋರಿಯೂ ಆ ಊರಿನಲ್ಲೇ ಇದೆ. ರಾಮನಗರದಲ್ಲಿ ಪೀರನ್ ಷಾ ವಲಿಯವರ ದರ್ಗಾ, ಮಾಗಡಿ ಬಳಿಯ ಸಾವನದುರ್ಗದ ಬುಡದಲ್ಲಿ ವೀರಭದ್ರ, ನರಸಿಂಹರ ಗುಡಿಗಳ ಜೊತೆಗೆ ಸೈಯದ್ ಗುಲಾಮ್ ಖಾದ್ರಿಯವರ ದರ್ಗಾ. ಸಂತರ ಪುಣ್ಯದಿನಕ್ಕೆ ಉರುಸ್, ಅಂದರೆ ಮದುವೆ ಎನ್ನುತ್ತಾರೆ, ಆತ್ಮ ದೇವರನ್ನು ಸೇರಿದ ದಿನವೆಂದು. ಗಂಧದ ಮೆರವಣಿಗೆ ನೋಡಲು, ಸಕ್ಕರೆ ಓದಿಸಲು ಹಿಂದೂಗಳೂ ಹೋಗುತ್ತಾರೆ. ದರ್ಗಾಕ್ಕೆ ಹೋಗುವುದು ಸರಿಯಲ್ಲವೆನ್ನುವ ಮುಸ್ಲಿಮರೂ ಇದ್ದಾರೆ. ಇದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ.

ಮುಂದಿನ ರಜೆಯಲ್ಲಿ ಮೈಸೂರು ರಸ್ತೆಯ ಬೊಂಬೆ ಅಂಗಡಿಯ ಮುಂದೆ ಕಾರು ನಿಲ್ಲಿಸುವ ತಂದೆತಾಯಂದಿರು ಇನ್ನೊಂದು ಅರ್ಧ ಗಂಟೆ ಉಳಿಸಿಕೊಂಡು, ಮಕ್ಕಳನ್ನು ಚನ್ನಪಟ್ಟಣದ ಅಕೀಲ್ ಶಾ ಖಾದ್ರಿಯವರ ಗೋರಿಯ ಹತ್ತಿರಕ್ಕೂ ಕರೆದೊಯ್ಯಬೇಕು. ಚಪ್ಪಲಿ ಹೊರಗೆ ಬಿಟ್ಟು, ತಲೆಗೊಂದು ಕರವಸ್ತ್ರ ಹಾಕಿಕೊಂಡರಾಯಿತು.