ದೋಂಡಿಯಾ ವಾಘನೂ ಆತನ ಮಗನೂ

ಪಾಳೆಯಗಾರರ ವಂಶಾವಳಿಗಳು ಬಹು ಉದ್ದವಾಗಿರುವವು. ಚನ್ನಗಿರಿಯಲ್ಲಿ ಹುಟ್ಟಿ, ಒಂದು ಕಾಲದಲ್ಲಿ ನಾಡನ್ನೇ ನಡುಗಿಸಿದ ದೋಂಡಿಯಾ ವಾಘನ ವಿಷಯದಲ್ಲಾದರೋ ನಾವು ವಾಚಕರಿಗೆ ತಿಳಿಸುವದು ಎರಡೇ ತಲೆಮಾರು, ತಂದೆ ಮತ್ತು ಮಗ.

ದೋಂಡಿಯಾ ಮರಾಟಿ ಮನೆತನದವನು. ಹೈದರಾಲಿಯ ಕುದುರೆದಂಡಿನಲ್ಲಿ ಸೇರಿದ್ದ ಆತನು, ಇಂಗ್ಲಿಷರು 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಸಮಯದಲ್ಲಿ ಧಾರವಾಡದ ಕಡೆಗೆ ಓಡಿ ಕೊಳ್ಳೆಯಿಂದ ಜೀವಿಸಿದನು. 1794ರಲ್ಲಿ ಟೀಪು ಸುಲ್ತಾನನ ಆಶ್ರಯಕ್ಕೆ ಮರಳಿದನು. ಸುಲ್ತಾನನಾದರೋ ಆತನನ್ನು ಬಲಾತ್ಕಾರದಿಂದ ತನ್ನ ಮತಕ್ಕೆ ಸೇರಿಸಿ, ಬಳಿಕ ಶ್ರೀರಂಗಪಟ್ಟಣದಲ್ಲಿ ಸೆರೆಯಿಟ್ಟನು. ಕಾವೇರಿಯ ಕವಲುಗಳ ನಡುವಣ ಆ ದ್ವೀಪದಿಂದ ತಪ್ಪಿಸಿಕೊಳ್ಳುವದು ಸುಲಭವಲ್ಲ.

1799ನೇ ಮೇ 4ರಂದು ಕೋಟೆಯು ಬೀಳಲು, ಗೆದ್ದವರೇ ಆತನ ಬೇಡಿಗಳನ್ನು ಬಿಚ್ಚಿದರು. ಸುಲ್ತಾನನ ಸವಾರರು ಆಗ ಒಡೆಯನೂ ಸಂಬಳವೂ ಇಲ್ಲದೆ ಅಲೆಯುತ್ತಿದ್ದರು. ಕುಂಪಣಿಯವರು ದೋಂಡಿಯಾನನ್ನು ಬರಿಯ ಕಳ್ಳನೆಂದು ಬರೆದಿಟ್ಟರು. ಆದರೆ ಹಸಿದ ಸಾವಿರಾರು ಮಂದಿ ಬರಿಯ ಕಳ್ಳನ ಹಿಂದೆ ಹೋದಾರೆಂದು ನಮಗೆ ತೋರುವದಿಲ್ಲ. ಆತನ ದಂಡು ಬಿದನೂರು, ಶಿಕಾರಿಪುರ ಸೀಮೆಗಳನ್ನು ಹಿಡಿಯಿತು. ಹಳ್ಳಿಗಳು ಸುಲಿಗೆಯಾದದ್ದೂ ನಿಜವೇ. ಆಗಸ್ಟ್ ತಿಂಗಳಲ್ಲಿ ಶಿಕಾರಿಪುರದ ಬಳಿ ಸೋತು, ಮರಾಟರ ಸೀಮೆಗೆ ದಾಟಿದನು. ಮರುವರುಷ ಪುನಃ ಬಲಗೊಂಡು, ಉಭಯ ಲೋಕಾಧೀಶ್ವರನೆಂಬ ಬಿರುದನ್ನು ತಾನೇ ಧರಿಸಿದನು.

ಆತನನ್ನು ಬೆನ್ನಟ್ಟಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1815ರಲ್ಲಿ ವಾಟರ್ಲೂ ಎಂಬಲ್ಲಿ ನೆಪೋಲಿಯನನನ್ನು ಸೋಲಿಸಿದ ವೆಲ್ಲಿಂಗ್ಟನ್ ಪ್ರಭುವು ಇವನೇ. 1800ನೇ ಜುಲೈ 30ರಂದು ಮಲಪ್ರಭೆಯ ದಡದಲ್ಲಿ ದೋಂಡಿಯಾನ ಪಾಳೆಯವು ಸಿಕ್ಕಿಬಿದ್ದು, ಅನೇಕರು ನೀರುಪಾಲಾದರು. ಸೆಪ್ಟೆಂಬರ್ 10ರಂದು ಕೃಷ್ಣಾ ತುಂಗಭದ್ರೆಗಳ ನಡುವಣ ಬಯಲಲ್ಲಿ ವೆಲ್ಲೆಸ್ಲಿಯು ನಾಲ್ಕು ಕುದುರೆದಂಡುಗಳನ್ನು ಒಂದೇ ಸಾಲಾಗಿ ನುಗ್ಗಿಸಿದನು. ಎದುರಿಗೆ ಸುಮಾರು 5,000 ಸವಾರರಿದ್ದರು. ದೋಂಡಿಯಾ ಅಲ್ಲಿಯೇ ಮಡಿದನು.

ಪಾಳೆಯದ ಸಾಮಾನುಗಳ ನಡುವೆ ಒಬ್ಬ ಎಳೆಯ ಹುಡುಗನು ಸಿಕ್ಕಿದನು. ಅವನೇ ದೋಂಡಿಯಾನ ಮಗನಾದ ಸಲಾಬತ್ ಖಾನನು. ಅವನನ್ನು ವೆಲ್ಲೆಸ್ಲಿಯ ಡೇರೆಗೆ ಕರೆತಂದರು. ತಂದೆಯನ್ನು ಕೊಂದ ದಂಡಿನ ಒಡೆಯನೇ ಮಗುವಿನ ಪೋಷಣೆಯನ್ನು ವಹಿಸಿಕೊಂಡನು. 1805ರಲ್ಲಿ ಇಂಡಿಯಾ ದೇಶವನ್ನು ಬಿಡುವಾಗ, ಅವನ ಪಾಲನೆಗಾಗಿ ಶ್ರೀರಂಗಪಟ್ಟಣದ ನ್ಯಾಯಾಧಿಕಾರಿಯ ಕೈಯಲ್ಲಿ ಹಣವನ್ನಿಟ್ಟು ಹೋದನು. ತಂದೆಯು ಬೇಡಿ ತೊಟ್ಟಿದ್ದ ದ್ವೀಪದ ಹಣದಿಂದಲೇ ಮಗನು ಬೆಳೆದನು. ಅವನು ರೂಪವಂತನೂ ಬುದ್ಧಿವಂತನೂ ಆಗಿದ್ದನಂತೆ. ಪ್ರಾಯಕ್ಕೆ ಬಂದ ಮೇಲೆ ಮೈಸೂರು ಮಹಾರಾಜರ ಚಾಕರಿಗೆ ಸೇರಿ, 1822ರಲ್ಲಿ ವಾಂತಿಭೇದಿಯ ಬೇನೆಯಿಂದ ತೀರಿಕೊಂಡನು.